ಬಾಂಕಾ ದ್ವೀಪದ ದಾದಿಯರು: ಬಲಿ, ಕರುಣೆ ಮತ್ತು ಸಾಕ್ಷಿ

ಪೀಠಿಕೆ

ಯುದ್ಧದಲ್ಲಿ ಮಡಿದವರನ್ನು ಸ್ಮರಿಸುವ ಆರಾಧನೆಗಳಲ್ಲಿ ‘ಬಲಿದಾನ’ ಎಂಬ ಪದವು ಬಹು ಸುಲಭವಾಗಿ ನಮ್ಮ ನಾಲಗೆಗೆ ಬರುತ್ತದೆ. ಒಂದನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ನೆಟ್ಟ ಸ್ಮಾರಕಶಿಲೆಗಳ ಮೇಲೆ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದ ಮಾತನ್ನು, ಅಂದರೆ ಸ್ನೇಹಿತರಿಗಾಗಿ ಪ್ರಾಣಕೊಡುವ ಪ್ರೀತಿಯನ್ನು ಕುರಿತು ನಮ್ಮ ಕರ್ತನು ಆಡಿದ ಮಾತನ್ನು, ಕೆತ್ತಿಸಲಾಯಿತು. ಮೇಲಿನ ಕೋಣೆಯಲ್ಲಿ ಶಿಷ್ಯರಿಗೆ ಹೇಳಿದ ಆ ಮಾತು ಹೀಗೆ ಸೈನ್ಯದ ಮಾತಾಯಿತು. ಶಿಲುಬೆಯ ನೆರಳು ರಣರಂಗದ ಮೇಲೆ ಚಾಚಿಕೊಂಡಿತು. ಹಾಗೆ ಚಾಚಿದುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಕೇಳಿಕೊಳ್ಳಲೇಬೇಕು.

ಕನ್ನಡದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಚೂಪು ಇದೆ. ‘ಬಲಿಯಾದರು’ ಎನ್ನುತ್ತೇವೆ, ‘ಬಲಿಕೊಟ್ಟರು’ ಎನ್ನುತ್ತೇವೆ, ‘ತಮ್ಮನ್ನೇ ಅರ್ಪಿಸಿಕೊಂಡರು’ ಎಂದೂ ಹೇಳುತ್ತೇವೆ. ಮೂರರಲ್ಲಿಯೂ ಸಾವು ಒಂದೇ, ಆದರೆ ಕರ್ತೃ ಬೇರೆ. ಮೊದಲನೆಯದರಲ್ಲಿ ಮಡಿದವನು ಬೇರೊಬ್ಬನ ಕೃತ್ಯಕ್ಕೆ ಈಡಾದವನು. ಎರಡನೆಯದರಲ್ಲಿ ಅವನನ್ನು ಕೊಟ್ಟವರು ಬೇರೆಯವರು. ಮೂರನೆಯದರಲ್ಲಿ ಮಾತ್ರ ಅವನೇ ತನ್ನನ್ನು ಕೊಟ್ಟುಕೊಂಡವನು. ‘ಬಲಿದಾನ’ ಎಂಬ ಒಂದೇ ಮಾತು ಈ ಮೂರನ್ನೂ ಒಂದೇ ಹೊದಿಕೆಯಡಿ ಮುಚ್ಚಿಬಿಡುತ್ತದೆ. ಹೊದಿಕೆಯನ್ನು ಸರಿಸಿ ನೋಡಿದಾಗಲೇ ಕೊಂದವನ ಹೊಣೆ, ಕಳುಹಿಸಿದವನ ಹೊಣೆ ಮತ್ತು ಮಡಿದವನ ಪ್ರೀತಿ ಇವು ಬೇರೆಬೇರೆಯಾಗಿ ಕಾಣುತ್ತವೆ.

ಈ ಲೇಖನದಲ್ಲಿ ನಾವು 1942ರ ಫೆಬ್ರವರಿಯಲ್ಲಿ ಸಿಂಗಾಪುರವನ್ನು ಬಿಟ್ಟು ಹೊರಟ 65 ಮಂದಿ ಆಸ್ಟ್ರೇಲಿಯನ್ ಸೈನಿಕ ದಾದಿಯರ ಇತಿಹಾಸವನ್ನು ಈ ದೃಷ್ಟಿಯಿಂದ ಓದಲು ಯತ್ನಿಸುತ್ತೇವೆ. ಅವರಲ್ಲಿ 12 ಮಂದಿ ಸಮುದ್ರದ ಪಾಲಾದರು. 21 ಮಂದಿಯನ್ನು ಬಾಂಕಾ ದ್ವೀಪದ ತೀರದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಎಂಟು ಮಂದಿ ಸೆರೆಶಿಬಿರದಲ್ಲಿ ತೀರಿಕೊಂಡರು. 24 ಮಂದಿ ಮಾತ್ರ ಮನೆಗೆ ಮರಳಿದರು. ಇವರನ್ನು ಕುರಿತು ಯಾವ ಮಾತನ್ನು ಆಡಿದರೆ ಅದು ಸತ್ಯವಾದೀತು ಎಂಬುದೇ ನಮ್ಮ ವಿಚಾರ.

ಸಿಂಗಾಪುರದಿಂದ ಹೊರಟದ್ದು

ಜಪಾನಿನ ಸೈನ್ಯವು 1941ರ ಡಿಸೆಂಬರ್ 8ರಂದು ಮಲಯದ ತೀರದಲ್ಲಿ ಇಳಿಯಿತು. ಎರಡೇ ತಿಂಗಳಲ್ಲಿ ಅದು ಪರ್ಯಾಯದ್ವೀಪವನ್ನೆಲ್ಲ ಆಕ್ರಮಿಸಿ ಸಿಂಗಾಪುರದ ಬಾಗಿಲಿಗೆ ಬಂದು ನಿಂತಿತು. ಆಸ್ಟ್ರೇಲಿಯನ್ ಸೈನ್ಯದ ಎರಡು ದೊಡ್ಡ ಆಸ್ಪತ್ರೆಗಳೂ ಗಾಯಾಳುಗಳನ್ನು ಮೊದಲು ಬರಮಾಡಿಕೊಳ್ಳುವ ಒಂದು ಚಿಕಿತ್ಸಾ ಘಟಕವೂ ಅಲ್ಲಿದ್ದವು. ಹತ್ತನೆಯ ಆಸ್ಪತ್ರೆಗೆ ಆಲಿವ್ ಪಾಷ್ಕಿ, ಹದಿಮೂರನೆಯ ಆಸ್ಪತ್ರೆಗೆ ಐರೀನ್ ಡ್ರಮಂಡ್ ಎಂಬವರು ಮೇಟ್ರನ್ ಆಗಿದ್ದರು. ಶಾಲೆಗಳಲ್ಲಿಯೂ ಬಂಗಲೆಗಳಲ್ಲಿಯೂ ಹಾಸಿಗೆ ಹಾಸಿ ನಡೆಸುತ್ತಿದ್ದ ವಾರ್ಡುಗಳಲ್ಲಿ, ಶೆಲ್ಲುಗಳು ಬೀಳುತ್ತಿರುವಾಗಲೇ ದಾದಿಯರು ಹಗಲಿರುಳೂ ದುಡಿದರು.

ಹಾಂಗ್‌ಕಾಂಗ್‌ನಲ್ಲಿ ನಡೆದುದು ಆಗಲೇ ತಿಳಿದಿತ್ತು. 1941ರ ಕ್ರಿಸ್‌ಮಸ್ ದಿನದಂದು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿದ್ದ ತಾತ್ಕಾಲಿಕ ಆಸ್ಪತ್ರೆಗೆ ನುಗ್ಗಿದ ಸೈನಿಕರು ಹಾಸಿಗೆಯಲ್ಲಿದ್ದ ರೋಗಿಗಳನ್ನು ಇರಿದು ಕೊಂದಿದ್ದರು. ದಾದಿಯರ ಮೇಲೆ ಅತ್ಯಾಚಾರವೆಸಗಿ ಕೆಲವರನ್ನು ಕೊಂದಿದ್ದರು. ಇದನ್ನು ಅರಿತ ಆಸ್ಟ್ರೇಲಿಯನ್ ವೈದ್ಯಕೀಯ ವಿಭಾಗದ ಮುಖ್ಯಸ್ಥ ಕರ್ನಲ್ ಡೆರಮ್ ಜನವರಿಯಲ್ಲೇ ದಾದಿಯರನ್ನು ತೆರವುಗೊಳಿಸಬೇಕೆಂದು ಸೇನಾಧಿಪತಿ ಗಾರ್ಡನ್ ಬೆನೆಟ್ ಅವರನ್ನು ಕೇಳಿಕೊಂಡರು. ಹಾಗೆ ಮಾಡಿದರೆ ಜನರ ಧೈರ್ಯ ಕುಂದುತ್ತದೆಂಬ ಕಾರಣದಿಂದ ಆ ಬೇಡಿಕೆಗೆ ಒಪ್ಪಿಗೆ ದೊರೆಯಲಿಲ್ಲ. ಕೊನೆಗೆ ಗಾಯಾಳುಗಳನ್ನು ಸಾಗಿಸುವ ಹಡಗುಗಳಲ್ಲಿ ಸಾಧ್ಯವಾದಷ್ಟು ದಾದಿಯರನ್ನು ಜೊತೆಮಾಡಿ ಕಳುಹಿಸುವ ಉಪಾಯವನ್ನು ವೈದ್ಯಾಧಿಕಾರಿಗಳೇ ಹುಡುಕಿಕೊಳ್ಳಬೇಕಾಯಿತು.

ಫೆಬ್ರವರಿ 10ರಂದು ಆರು ಮಂದಿ ರೋಗಿಗಳೊಂದಿಗೆ ಹೊರಟರು. 12ರಂದು ಸುಮಾರು ಅರವತ್ತು ಮಂದಿ ‘ಎಂಪೈರ್ ಸ್ಟಾರ್’ ಎಂಬ ಹಡಗಿನಲ್ಲಿ ಹೊರಟರು. ದಾರಿಯಲ್ಲಿ ವಿಮಾನಗಳು ಅದರ ಮೇಲೆ ಎರಗಿದಾಗ ಮಾರ್ಗರೆಟ್ ಆ್ಯಂಡರ್ಸನ್ ಮತ್ತು ವೀರಾ ಟಾರ್ನಿ ಎಂಬ ಇಬ್ಬರು ದಾದಿಯರು ಗಾಯಾಳುಗಳ ಮೇಲೆ ತಾವೇ ಬಿದ್ದು ತಮ್ಮ ಮೈಯನ್ನೇ ಅವರಿಗೆ ಹೊದಿಕೆಯಾಗಿ ಮಾಡಿದರು. ಆ ಹಡಗು ಹೇಗೋ ಪಾರಾಯಿತು. ಉಳಿದ 65 ಮಂದಿ ಅದೇ 12ರ ಸಂಜೆ ಕೆಲವೇ ಪ್ರಯಾಣಿಕರಿಗಾಗಿ ನಿರ್ಮಿತವಾಗಿದ್ದ, ಸಾರಾವಾಕಿನ ರಾಜನ ಹೆಸರನ್ನು ಹೊತ್ತ ‘ವೈನರ್ ಬ್ರೂಕ್’ ಎಂಬ ಸಣ್ಣ ಹಡಗನ್ನು ಹತ್ತಿದರು. ಸ್ತ್ರೀಯರು, ಮಕ್ಕಳು, ವೃದ್ಧರು ಅದರ ತುಂಬ ಕಿಕ್ಕಿರಿದಿದ್ದರು. ತಮ್ಮ ರೋಗಿಗಳನ್ನು ಬಿಟ್ಟು ಹೋಗಲು ದಾದಿಯರಿಗೆ ಮನಸ್ಸಿರಲಿಲ್ಲ. ಆಜ್ಞೆಗೆ ತಲೆಬಾಗಿ ಹೊರಟರು.

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ದಾದಿಯರು ಸುರಕ್ಷಿತವಾಗಿ ಹೊರಡಬಹುದಾಗಿದ್ದ ದಿನಗಳು ಇದ್ದವು. ಅವುಗಳನ್ನು ಕಳೆದವರು ದಾದಿಯರಲ್ಲ. ಮುಂದೆ ಅವರಿಗೆ ಒದಗಿದ ಸಾವನ್ನು ‘ಅವರು ನೀಡಿದ ಬಲಿ’ ಎಂದು ಮಾತ್ರ ಹೇಳಿ ನಿಲ್ಲಿಸಿದರೆ, ಕಾಲ ಮೀರುವವರೆಗೆ ಅವರನ್ನು ಅಲ್ಲಿಯೇ ಇರಿಸಿದ ನಿರ್ಧಾರವು ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತದೆ. ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. ಅದೇ ರಾತ್ರಿ ಸೇನಾಧಿಪತಿ ಬೆನೆಟ್ ದ್ವೀಪದಿಂದ ತಪ್ಪಿಸಿಕೊಂಡು ಸ್ವದೇಶಕ್ಕೆ ಹೋದರು. ಅದು ಸರಿಯೇ ತಪ್ಪೇ ಎಂಬ ವಿಚಾರಣೆ ಯುದ್ಧಾನಂತರ ಅಧಿಕೃತವಾಗಿಯೇ ನಡೆಯಿತು. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದ ಕುರುಬನನ್ನೂ ಕೂಲಿಯಾಳನ್ನೂ ಬಲ್ಲ ನಾವು ಯಾರ ಮೇಲೂ ತೀರ್ಪು ಬರೆಯಲು ಆತುರಪಡಬಾರದು. ಆದರೆ ಅಪಾಯದ ಹೊತ್ತಿನಲ್ಲಿ ಉಳಿದವರಾರು, ಹೊರಟವರಾರು ಎಂಬುದನ್ನು ಲೆಕ್ಕದಿಂದ ಬಿಡಲೂ ಆಗದು.

ರಾಡ್ಜಿ ತೀರ

ಫೆಬ್ರವರಿ 14ರ ಮಧ್ಯಾಹ್ನ, ಸುಮಾತ್ರದ ಪೂರ್ವಕ್ಕಿರುವ ಬಾಂಕಾ ಜಲಸಂಧಿಯಲ್ಲಿ ವಿಮಾನಗಳು ವೈನರ್ ಬ್ರೂಕ್ ಮೇಲೆ ಬಾಂಬುಗಳನ್ನು ಹಾಕಿದವು. ಹಡಗು ಅರ್ಧ ತಾಸಿನೊಳಗೆ ಮುಳುಗಿತು. ಮೇಟ್ರನ್ ಪಾಷ್ಕಿ ಮುಂಚಿತವಾಗಿಯೇ ದಾದಿಯರಿಗೆ ಕೆಲಸ ಹಂಚಿಕೊಟ್ಟಿದ್ದರು: ಮೊದಲು ಪ್ರಯಾಣಿಕರು, ಅನಂತರ ತಾವು. ಆ ಕ್ರಮವನ್ನು ಅವರು ಪಾಲಿಸಿದರು. ಗಾಯಗೊಂಡವರಿಗೆ ಪಟ್ಟಿ ಕಟ್ಟಿ, ಮಕ್ಕಳನ್ನು ದೋಣಿಗಿಳಿಸಿ, ಕೊನೆಯಲ್ಲಿ ತಾವು ನೀರಿಗೆ ಧುಮುಕಿದರು. ಪಾಷ್ಕಿಯವರಿದ್ದ ತೆಪ್ಪವನ್ನು ಪ್ರವಾಹವು ತೆರೆದ ಸಮುದ್ರದ ಕಡೆಗೆ ಒಯ್ದಿತು. ಅವರನ್ನೂ ಅವರೊಡನೆ ಇದ್ದವರನ್ನೂ ಮತ್ತೆ ಯಾರೂ ನೋಡಲಿಲ್ಲ.

ಬದುಕಿ ದಡ ಸೇರಿದ 53 ಮಂದಿಯಲ್ಲಿ 22 ಮಂದಿ, ಮೇಟ್ರನ್ ಡ್ರಮಂಡರೊಡನೆ, ಬಾಂಕಾ ದ್ವೀಪದ ರಾಡ್ಜಿ ಎಂಬ ತೀರದಲ್ಲಿ ಕೂಡಿದರು. ಹಡಗಿನ ಇತರ ಪ್ರಯಾಣಿಕರೂ, ಬೇರೊಂದು ಹಡಗು ಮುಳುಗಿ ಬಂದ ಬ್ರಿಟಿಷ್ ಸೈನಿಕರೂ ಅಲ್ಲಿಗೆ ಬಂದು ಸೇರಿದರು. ಆಹಾರವಿಲ್ಲ, ಔಷಧವಿಲ್ಲ, ಗಾಯಾಳುಗಳು ಹಲವರು. ದ್ವೀಪವು ಆಗಲೇ ಜಪಾನೀಯರ ವಶದಲ್ಲಿದೆಯೆಂದು ತಿಳಿದ ಮೇಲೆ ಶರಣಾಗುವುದೆಂದು ಎಲ್ಲರೂ ನಿಶ್ಚಯಿಸಿದರು. 16ರ ಬೆಳಿಗ್ಗೆ ಹಡಗಿನ ಅಧಿಕಾರಿಯೊಬ್ಬರು ಮುಂಟೋಕ್ ಪಟ್ಟಣಕ್ಕೆ ಹೊರಟರು. ಹಸಿದ ಮಕ್ಕಳನ್ನು ಕರೆದುಕೊಂಡು ಸ್ತ್ರೀಯರು ಕೂಡ ಆ ಕಡೆಗೆ ನಡೆಯಲೆಂದು ಡ್ರಮಂಡ್ ಸೂಚಿಸಿದರು, ಅವರು ಹೊರಟರು. ದಾದಿಯರು ಹೊರಡಲಿಲ್ಲ. ನಡೆಯಲಾರದ ಗಾಯಾಳುಗಳು ಅಲ್ಲಿದ್ದರು. ದಾದಿಯರು ಅವರ ಬಳಿಯಲ್ಲೇ ಉಳಿದರು. ನೆರಳಿಗೊಂದು ಆಸರೆ ಮಾಡಿ, ಅದಕ್ಕೆ ರೆಡ್‌ಕ್ರಾಸ್ ಗುರುತನ್ನು ಕಟ್ಟಿದರು.

ಈ ‘ಉಳಿದದ್ದು’ ನಮ್ಮ ವಿಚಾರದ ನಡುಗಂಬ. ಆ ಬೆಳಿಗ್ಗೆ ಅವರು ಸಾಯಲು ನಿರ್ಧರಿಸಲಿಲ್ಲ. ರೆಡ್‌ಕ್ರಾಸ್ ಗುರುತು ತಮ್ಮನ್ನು ಕಾಯುವುದೆಂದು ನಂಬಲು ಅವರಿಗೆ ಕಾರಣವೂ ಇತ್ತು: ಗಾಯಾಳುಗಳನ್ನೂ ಅವರ ಶುಶ್ರೂಷಕರನ್ನೂ ರಕ್ಷಿಸುವ 1929ರ ಜಿನೀವಾ ಒಡಂಬಡಿಕೆಗೆ ಜಪಾನ್ ಬದ್ಧವಾಗಿತ್ತು. ಅವರು ನಿರ್ಧರಿಸಿದ್ದು ಇಷ್ಟೇ: ಹೊರಡಬಹುದಾದ ದಾರಿಯಿದ್ದರೂ ರೋಗಿಗಳನ್ನು ಬಿಡುವುದಿಲ್ಲ ಎಂದು.

ಅಧಿಕಾರಿಯು ಸುಮಾರು ಇಪ್ಪತ್ತು ಜಪಾನೀ ಸೈನಿಕರೊಡನೆ ಮರಳಿದನು. ಸೈನಿಕರು ಮೊದಲು ಗಂಡಸರನ್ನು ಗುಂಪುಗುಂಪಾಗಿ ಬಂಡೆಗಳಾಚೆ ಕರೆದೊಯ್ದು ಗುಂಡಿನಿಂದಲೂ ಬಯೊನೆಟ್‌ನಿಂದಲೂ ಕೊಂದರು. ಹಿಂತಿರುಗಿ ಬಂದು ಅವರು ಬಯೊನೆಟ್‌ಗಳ ರಕ್ತವನ್ನು ಒರೆಸಿಕೊಂಡುದನ್ನು ದಾದಿಯರು ಕಂಡರು. ಅನಂತರ 22 ದಾದಿಯರನ್ನೂ, ಗಾಯಗೊಂಡ ಗಂಡನನ್ನು ಬಿಟ್ಟುಹೋಗಲೊಲ್ಲದೆ ಉಳಿದಿದ್ದ ಒಬ್ಬ ವೃದ್ಧೆಯನ್ನೂ ಸಾಲಾಗಿ ನಿಲ್ಲಿಸಿ ಸಮುದ್ರದೊಳಗೆ ನಡೆಯುವಂತೆ ಆಜ್ಞಾಪಿಸಿದರು. ಡ್ರಮಂಡ್ ತಮ್ಮ ದಾದಿಯರಿಗೆ ಧೈರ್ಯ ಹೇಳಿದರು; ಅವರ ವಿಷಯದಲ್ಲಿ ತಮಗಿರುವ ಹೆಮ್ಮೆಯನ್ನೂ ಪ್ರೀತಿಯನ್ನೂ ತಿಳಿಸಿದರು. ನೀರು ಸೊಂಟದ ಮಟ್ಟಕ್ಕೆ ಬಂದಾಗ ಹಿಂದಿನಿಂದ ಮೆಷಿನ್‌ಗನ್ ಹಾರಿತು. ಸ್ಟ್ರೆಚರ್‌ಗಳ ಮೇಲೆ ಮಲಗಿದ್ದ ಗಾಯಾಳುಗಳೂ ಇರಿತಕ್ಕೆ ಸಿಕ್ಕಿದರು.

ಒಬ್ಬಳು ಉಳಿದಳು. ದಕ್ಷಿಣ ಆಸ್ಟ್ರೇಲಿಯದ ಕಪುಂಡಾದಲ್ಲಿ 1915ರಲ್ಲಿ ಹುಟ್ಟಿದ ವಿವಿಯನ್ ಬುಲ್‌ವಿಂಕಲ್‌ಳ ಎಡ ಸೊಂಟದ ಮೇಲ್ಭಾಗದಲ್ಲಿ ಗುಂಡು ಹೊಕ್ಕು ಹೊರಬಿದ್ದಿತ್ತು. ಸತ್ತವಳಂತೆ ತೇಲುತ್ತಿದ್ದ ಅವಳನ್ನು ಅಲೆಗಳು ದಡಕ್ಕೆ ತಂದವು.

ಹನ್ನೆರಡು ದಿನಗಳು

ಕಾಡಿನೊಳಗೆ ತೆವಳಿ ಬಿದ್ದಿದ್ದ ಬುಲ್‌ವಿಂಕಲ್ ಎಚ್ಚರಗೊಂಡು ನೀರು ಹುಡುಕುತ್ತ ಬಂದಾಗ ಇನ್ನೊಬ್ಬನನ್ನು ಕಂಡಳು. ಇರಿತದಿಂದ ಸಾಯದೆ ಉಳಿದಿದ್ದ ಕಿಂಗ್‌ಸ್ಲಿ ಎಂಬ ಬ್ರಿಟಿಷ್ ಸಿಪಾಯಿ ಅವನು. ಮುಂದಿನ ಹನ್ನೆರಡು ದಿನ ಗಾಯಗೊಂಡ ದಾದಿಯು ತನಗಿಂತ ಹೆಚ್ಚು ಗಾಯಗೊಂಡ ಸಿಪಾಯಿಯ ಆರೈಕೆ ಮಾಡಿದಳು. ತೆಂಗಿನ ನಾರು, ಸಿಕ್ಕ ಬಟ್ಟೆಯ ಚೂರು, ಊರಿನ ಹೊಳೆಯ ನೀರು ಇವೇ ಅವಳ ಔಷಧಾಲಯ. ಅನ್ನಕ್ಕಾಗಿ ನೆರೆಯ ಹಳ್ಳಿಗೆ ಹೋದಳು. ಜಪಾನೀಯರ ಭಯದಿಂದ ಹಳ್ಳಿಯ ಗಂಡಸರು ನಿರಾಕರಿಸಿದರು. ಅವಳು ಹಿಂತಿರುಗುವ ದಾರಿಯಲ್ಲಿ ಆ ಊರಿನ ಹೆಂಗಸರು ಮರೆಯಿಂದ ಬಂದು ಆಹಾರವನ್ನು ಕೊಟ್ಟುಹೋದರು.

ದಾದಿಯರ ಧೈರ್ಯವನ್ನು ಸ್ಮರಿಸುವ ಗ್ರಂಥಗಳಲ್ಲಿ ಈ ಹೆಂಗಸರಿಗೆ ಒಂದೆರಡು ಸಾಲಷ್ಟೇ ದೊರೆಯುತ್ತದೆ. ಹೆಸರು ದೊರೆಯುವುದಿಲ್ಲ. ಆದರೆ ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ಓದಿಕೊಂಡವರಿಗೆ ಅವರ ಗುರುತು ಸಿಗದಿರದು. ಅವರು ಆ ಯುದ್ಧದಲ್ಲಿ ಯಾವ ಪಕ್ಷದವರೂ ಅಲ್ಲ. ದಾದಿಯ ದೇಶದವರಲ್ಲ, ಧರ್ಮದವರೂ ಅಲ್ಲ. ಸಿಕ್ಕಿಬಿದ್ದಿದ್ದರೆ ಅವರ ಮನೆಗಳೇ ಸುಟ್ಟುಹೋಗುತ್ತಿದ್ದವು. ಸಮಾರ್ಯದವನಿಗೆ ಎರಡು ದಿನಾರಿಗಳ ವೆಚ್ಚವಾಯಿತು. ಇವರು ತಮ್ಮ ಜೀವವನ್ನೇ ಅಡವಿಟ್ಟರು. ಕರುಣೆಯು ಸಮವಸ್ತ್ರ ಧರಿಸಿದವರ ಸೊತ್ತಲ್ಲವೆಂಬುದನ್ನು ಈ ಕಥೆಯೊಳಗೆ ಹೇಳುವವರು ಅವರೇ.

ತಿಂಗಳ ಕೊನೆಯಲ್ಲಿ ಇಬ್ಬರೂ ಮತ್ತೆ ಶರಣಾದರು. ಕಿಂಗ್‌ಸ್ಲಿ ಕೆಲವೇ ದಿನಗಳಲ್ಲಿ ತೀರಿಕೊಂಡನು. ಮುಂಟೋಕ್‌ನ ಸೆರೆಯಲ್ಲಿ ಬುಲ್‌ವಿಂಕಲ್ ಉಳಿದ 31 ಸಂಗಾತಿಗಳನ್ನು ಸೇರಿದಳು. ಸಮವಸ್ತ್ರದಲ್ಲಿದ್ದ ಗುಂಡಿನ ತೂತನ್ನು ನೀರಿನ ಬಾಟಲಿಯಿಂದ ಮರೆಮಾಡಿಕೊಂಡು ಒಳಗೆ ಬಂದಳು. ನಡೆದುದನ್ನು ಕೇಳಿದ ದಾದಿಯರು ಅದನ್ನು ಯಾರಿಗೂ ಹೇಳಬಾರದೆಂದು ಒಪ್ಪಂದ ಮಾಡಿಕೊಂಡರು. ಕೊಲೆಗೆ ಸಾಕ್ಷಿಯೊಬ್ಬಳು ಜೀವಂತಳಿದ್ದಾಳೆಂದು ತಿಳಿದರೆ ಅವಳೂ ಉಳಿಯಳು, ತಾವೂ ಉಳಿಯೆವು. ಮೂರೂವರೆ ವರ್ಷ ಆ ಗುಟ್ಟನ್ನು 32 ಮಂದಿ ಹೊತ್ತರು.

ಸೆರೆಶಿಬಿರದ ಸಭೆ

ಮುಂಟೋಕ್, ಪಾಲೆಂಬಾಂಗ್, ಮತ್ತೆ ಮುಂಟೋಕ್, ಕೊನೆಗೆ ಲುಬುಕ್ ಲಿಂಗಾವ್ ಬಳಿಯ ರಬ್ಬರ್ ತೋಟ—ಹೀಗೆ ಶಿಬಿರಗಳು ಬದಲಾದವು. ಡಚ್, ಬ್ರಿಟಿಷ್, ಆಸ್ಟ್ರೇಲಿಯನ್ ಸ್ತ್ರೀಯರೂ ಮಕ್ಕಳೂ ಕ್ಯಾಥೊಲಿಕ್ ಕನ್ಯಾಸ್ತ್ರೀಯರೂ ಒಟ್ಟಿಗೆ ಬದುಕಿದರು. ಮೊದಲ ತಿಂಗಳುಗಳಲ್ಲಿಯೇ ಜಪಾನೀ ಅಧಿಕಾರಿಗಳು ತಮ್ಮ ಮನರಂಜನೆಯ ಕ್ಲಬ್ಬಿಗೆ ದಾದಿಯರನ್ನು ಸೆಳೆಯಲು ಯತ್ನಿಸಿದಾಗ ಅವರು ಮಾಸಿದ ಬಟ್ಟೆ ತೊಟ್ಟು, ಒಟ್ಟಾಗಿ ನಿಂತು, ಅದನ್ನು ತಿರಸ್ಕರಿಸಿದರು.

ಆ ಶಿಬಿರದಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಪ್ರೆಸ್ಬಿಟೇರಿಯನ್ ಮಿಷನರಿ ಇದ್ದರು. 1890ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್‌ನಲ್ಲಿ ಸಭಾಪಾಲಕರೊಬ್ಬರ ಮಗಳಾಗಿ ಹುಟ್ಟಿದ ಅವರು ಚೀನಾದಲ್ಲಿಯೂ ಅನಂತರ ಸಿಂಗಾಪುರದಲ್ಲಿಯೂ ಸೇವೆ ಮಾಡಿದವರು. ಶಿಬಿರದ ಆರಾಧನೆಗಳನ್ನು ಅವರು ನಡೆಸಿದರು. ಸೆರೆಯಾಳುಗಳಿಗಾಗಿ ಅವರು ರಚಿಸಿದ ಕೀರ್ತನೆಯನ್ನು 1942ರ ಜುಲೈ 5ರಂದು ಮೊದಲು ಹಾಡಲಾಯಿತು. ಅಂದಿನಿಂದ ಅದು ಶಿಬಿರದ ಭಾನುವಾರದ ಪ್ರಾರ್ಥನೆಯ ಭಾಗವಾಯಿತು. ಲಂಡನ್ನಿನಲ್ಲಿ ಸಂಗೀತ ಕಲಿತಿದ್ದ ನೋರಾ ಚೇಂಬರ್ಸ್ ಎಂಬವರೊಂದಿಗೆ ಕೂಡಿ ಅವರು ಪಾಶ್ಚಾತ್ಯ ವಾದ್ಯಸಂಗೀತದ ಕೃತಿಗಳನ್ನು ನೆನಪಿನಿಂದಲೇ ಬರೆದು ಮಾನವಕಂಠಗಳಿಗೆ ಹೊಂದಿಸಿದರು. ವಾದ್ಯಗಳಿಲ್ಲ, ಪದಗಳೂ ಇಲ್ಲ. ಸುಮಾರು ಮೂವತ್ತು ಹೆಂಗಸರ ಗುಂಜಾರವದ ಆ ವಾದ್ಯಗೋಷ್ಠಿಯು 1943ರ ಡಿಸೆಂಬರ್ 27ರಂದು ಮೊದಲ ಬಾರಿಗೆ ಕೇಳಿಬಂದಿತು. ಪದಗಳಿಲ್ಲದ ಕಾರಣ ಡಚ್ಚರಿಗೂ ಇಂಗ್ಲಿಷರಿಗೂ ಅದು ಸಮಾನವಾಗಿ ಸಂದಿತು. ದಾದಿಯರಲ್ಲಿ ಬೆಟಿ ಜೆಫ್ರಿ ಮೊದಲಾದವರು ಅದರಲ್ಲಿ ಹಾಡಿದರು. ಹಾಡುವವರು ಒಬ್ಬೊಬ್ಬರಾಗಿ ಸಾಯತೊಡಗಿದ ಮೇಲೆ ಆ ಗೋಷ್ಠಿ ನಿಂತಿತು. ಡ್ರೈಬರ್ಗ್ 1945ರ ಏಪ್ರಿಲ್ 21ರಂದು ಶಿಬಿರದಲ್ಲೇ ತೀರಿಕೊಂಡರು.

ಮಲೇರಿಯ, ಆಮಶಂಕೆ, ಬೆರಿಬೆರಿ, ಹಸಿವು ಇವು ಶಿಬಿರವನ್ನು ತಿಂದವು. ದಾದಿಯರು ಇತರರ ಮಲಮೂತ್ರ ಬಳಿದರು, ಸೌದೆ ಕಡಿದರು, ರೋಗಿಗಳ ಬಳಿ ಕುಳಿತರು, ಸತ್ತವರಿಗೆ ಗುಂಡಿ ತೋಡಿದರು. 1945ರ ಫೆಬ್ರವರಿಯಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಅವರಲ್ಲೇ ಎಂಟು ಮಂದಿ ಸತ್ತರು. ಕೊನೆಯವಳಾದ ಪರ್ಲ್ ಮಿಟಲ್‌ಹ್ಯೂಸರ್ ತೀರಿಕೊಂಡದ್ದು ಆಗಸ್ಟ್ 18ರಂದು. ಜಪಾನಿನ ಚಕ್ರವರ್ತಿ ಶರಣಾಗತಿಯನ್ನು ಸಾರಿ ಆಗಲೇ ಮೂರು ದಿನಗಳಾಗಿದ್ದವು. ಆ ಸುದ್ದಿಯನ್ನು ಶಿಬಿರಕ್ಕೆ ತಿಳಿಸಿದ್ದು ಆಕೆಯ ಸಾವಿನ ನಂತರ. ಬದುಕಿದ್ದ 24 ಮಂದಿಯನ್ನು ಸೆಪ್ಟೆಂಬರ್ 16ರಂದು ವಿಮಾನದಲ್ಲಿ ಸಿಂಗಾಪುರಕ್ಕೆ ಕರೆತರಲಾಯಿತು.

ಮಿಟಲ್‌ಹ್ಯೂಸರ್‌ಳ ಸಾವು ಬಲಿಯ ಭಾಷೆಗೆ ಸುಲಭವಾಗಿ ಒಗ್ಗುವುದಿಲ್ಲ. ಯುದ್ಧ ಮುಗಿದ ಮೇಲೆ ಸತ್ತವಳು ಯಾವ ಜಯಕ್ಕಾಗಿ ಬಲಿಯಾದಳು? ಔಷಧವಿದ್ದೂ ಕೊಡದಿದ್ದ ನಿರ್ದಯೆಗೆ ಅವಳು ಈಡಾದಳು ಎನ್ನುವುದೇ ಸತ್ಯ. ದೇವರು ಈ ಸಾವನ್ನು ಬಯಸಿದನೆಂದಾಗಲಿ, ಇದರಿಂದ ತೃಪ್ತನಾದನೆಂದಾಗಲಿ ಧ್ವನಿಸುವ ಒಂದು ಮಾತನ್ನೂ ನಾವು ಪ್ರಸಂಗಪೀಠದಿಂದ ಆಡಬಾರದು. ಇಬ್ರಿಯರಿಗೆ ಬರೆದ ಪತ್ರಿಕೆಯು ಕ್ರಿಸ್ತನ ಯಜ್ಞವು ಒಂದೇ ಸಾರಿ, ಎಲ್ಲರಿಗಾಗಿ, ಎಂದೆಂದಿಗೂ ಮುಗಿದುಹೋಯಿತೆಂದು ಬೋಧಿಸುತ್ತದೆ. ಇನ್ನೊಂದು ಬಲಿಯನ್ನು ದೇವರು ಕೇಳುವುದಿಲ್ಲ. ಕೇಳುವುದು ದೇಶಗಳು, ಸೈನ್ಯಗಳು, ಸಂಸ್ಥೆಗಳು. ಅವು ಕೇಳಿದ್ದನ್ನು ದೇವರ ಹೆಸರಿಗೆ ಬರೆಯುವುದು ಆ ಪತ್ರಿಕೆಯನ್ನೇ ಅಲ್ಲಗಳೆದಂತೆ.

ಯಜ್ಞ ಮತ್ತು ಹೆಸೆದ್

ಹಾಗಾದರೆ ರಾಡ್ಜಿ ತೀರದಲ್ಲಿ ಉಳಿದವರ ವಿಷಯದಲ್ಲಿ ಆಡಬಹುದಾದ ಮಾತು ಯಾವುದು? ಮತ್ತಾಯನ ಸುವಾರ್ತೆಯಲ್ಲಿ ನಮ್ಮ ಕರ್ತನು ಹೋಶೇಯನ ಪ್ರವಾದನೆಯ 6ನೆಯ ಅಧ್ಯಾಯದ ಒಂದು ವಾಕ್ಯವನ್ನು ಎರಡು ಸಲ ಎತ್ತಿ ಹೇಳುತ್ತಾನೆ: ಸುಂಕದವರೊಡನೆ ಊಟಕ್ಕೆ ಕುಳಿತಾಗ ಒಮ್ಮೆ, ಸಬ್ಬತ್ತಿನ ದಿನ ಶಿಷ್ಯರು ತೆನೆ ಕಿತ್ತಾಗ ಇನ್ನೊಮ್ಮೆ. ದೇವರಿಗೆ ಬೇಕಾದದ್ದು ಯಜ್ಞವಲ್ಲ, ಕರುಣೆ ಎಂಬುದು ಅದರ ಸಾರ. ಹೋಶೇಯನು ಬಳಸುವ ಹೀಬ್ರೂ ಪದ ‘ಹೆಸೆದ್’. ಕನ್ನಡದಲ್ಲಿ ಅದನ್ನು ಕರುಣೆ, ಕೃಪೆ, ಪ್ರೇಮ ಎಂದು ಸಂದರ್ಭಾನುಸಾರ ಅನುವಾದಿಸುತ್ತೇವೆ. ಆದರೆ ಅದರ ಹೃದಯದಲ್ಲಿರುವುದು ಮರುಕದ ಭಾವನೆಗಿಂತ ಹೆಚ್ಚಾಗಿ ಒಡಂಬಡಿಕೆಯ ನಿಷ್ಠೆ: ಕೈಹಿಡಿದವನನ್ನು ಕೈಬಿಡದಿರುವುದು. ರೂತಳು ನೊವೊಮಿಯೊಡನೆ ಉಳಿದುದನ್ನು ಆ ಗ್ರಂಥವು ಇದೇ ಪದದಿಂದ ಹೊಗಳುತ್ತದೆ.

ದಾದಿಯರು ಮಾಡಿದುದು ಹೆಸೆದ್. ಅವರು ಸಾವನ್ನು ಆರಿಸಿಕೊಳ್ಳಲಿಲ್ಲ, ರೋಗಿಗಳನ್ನು ಆರಿಸಿಕೊಂಡರು. ಸಾವನ್ನು ಆರಿಸಿದವರು ಬಂದೂಕು ಹಿಡಿದವರು. ಈ ಎರಡನ್ನು ಬೇರ್ಪಡಿಸಿದರೆ ದಾದಿಯರ ಮಹಿಮೆ ಕುಗ್ಗುವುದಿಲ್ಲ. ಅವರ ಸಾವಿಗೆ ಬೆಲೆಯಿರುವುದು ಅವರು ಸತ್ತರೆಂಬ ಕಾರಣದಿಂದಲ್ಲ, ಸಾಯುವ ಮುನ್ನ ಯಾರ ಪಕ್ಕದಲ್ಲಿ ನಿಂತಿದ್ದರೆಂಬ ಕಾರಣದಿಂದ. ಹಾಗೆಂದೇ, ಸತ್ತ 21 ಮಂದಿಯ ಉಳಿಯುವಿಕೆಯೂ, ಬದುಕಿದ ಬುಲ್‌ವಿಂಕಲ್‌ಳ ಹನ್ನೆರಡು ದಿನಗಳ ಶುಶ್ರೂಷೆಯೂ, ಮನೆಗೆ ಮರಳಿದ 24 ಮಂದಿಯ ಮೂರೂವರೆ ವರ್ಷಗಳ ದುಡಿಮೆಯೂ ಒಂದೇ ತೂಕದವು. ಬಲಿಯ ಭಾಷೆ ಸತ್ತವರನ್ನಷ್ಟೇ ಎಣಿಸುತ್ತದೆ. ಕರುಣೆಯ ಭಾಷೆ ಅರವತ್ತೈದು ಮಂದಿಯನ್ನೂ ಎಣಿಸಬಲ್ಲದು.

ಕ್ಯಾಥೊಲಿಕ್ ಪರಂಪರೆಯಲ್ಲಿಯೂ ಇದೇ ದಿಕ್ಕಿನ ಚಿಂತನೆ ನಡೆದಿದೆ. ಔಶ್ವಿಟ್ಸ್‌ನಲ್ಲಿ ಮತ್ತೊಬ್ಬನ ಬದಲಾಗಿ ಸತ್ತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರನ್ನು 1982ರಲ್ಲಿ ಸಂತರೆಂದು ಘೋಷಿಸಿದಾಗ, ಅವರು ವಿಶ್ವಾಸದ ನಿಮಿತ್ತ ಕೊಲ್ಲಲ್ಪಟ್ಟವರೋ ಪ್ರೀತಿಯ ನಿಮಿತ್ತ ಸತ್ತವರೋ ಎಂಬ ಚರ್ಚೆ ಎದ್ದಿತ್ತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪ್ರೀತಿಯಿಂದ ಸ್ವಇಚ್ಛೆಯಾಗಿ ಪ್ರಾಣವನ್ನು ಅರ್ಪಿಸಿದವರಿಗಾಗಿ ರಕ್ತಸಾಕ್ಷಿತ್ವಕ್ಕಿಂತ ಬೇರೆಯಾದ ಒಂದು ವರ್ಗವನ್ನೇ ಏರ್ಪಡಿಸಿದರು. ಬಾಂಕಾದ ದಾದಿಯರನ್ನು ಯಾವುದೇ ಪಟ್ಟಿಗೆ ಸೇರಿಸುವುದು ನಮ್ಮ ಉದ್ದೇಶವಲ್ಲ. ಅವರು ವಿಶ್ವಾಸವನ್ನು ಅರಿಕೆಮಾಡಿದ್ದಕ್ಕಾಗಿ ಕೊಲ್ಲಲ್ಪಡಲಿಲ್ಲ. ಆದರೂ ಪ್ರೀತಿಯ ಕಾರ್ಯವು ತಾನಾಗಿಯೇ ಒಂದು ಅರಿಕೆಯೆಂಬುದನ್ನು ಸಭೆಯು ಗ್ರಹಿಸತೊಡಗಿದೆಯೆಂದು ನಾವು ತಿಳಿಯುತ್ತೇವೆ.

ಸಾಕ್ಷಿಯ ಬಾಯಿ

ಗ್ರೀಕಿನ ‘ಮಾರ್ತುಸ್’ ಎಂಬ ಪದಕ್ಕೆ ಮೂಲದಲ್ಲಿ ಸಾಕ್ಷಿ ಎಂದಷ್ಟೇ ಅರ್ಥ. ಸಾಕ್ಷಿ ಹೇಳಿದವರು ಪ್ರಾಣ ತೆರಬೇಕಾದ ಕಾರಣ ಅದಕ್ಕೆ ಮರಣದ ಅರ್ಥವೂ ಕೂಡಿಕೊಂಡಿತು. ಕನ್ನಡ ಕ್ರೈಸ್ತರು ಅದನ್ನು ‘ರಕ್ತಸಾಕ್ಷಿ’ ಎಂದು ಅನುವಾದಿಸಿ ಎರಡನ್ನೂ ಉಳಿಸಿಕೊಂಡರು. ರಾಡ್ಜಿ ತೀರದಲ್ಲಿ ರಕ್ತವೂ ಸಾಕ್ಷಿಯೂ ಬೇರೆಬೇರೆಯಾಗಿ ಹಂಚಿಹೋದವು: 21 ಮಂದಿ ರಕ್ತ ಚೆಲ್ಲಿದರು, ಒಬ್ಬಳು ಸಾಕ್ಷಿಯಾಗಿ ಉಳಿದಳು. 1946ರ ಡಿಸೆಂಬರ್‌ನಲ್ಲಿ ಬುಲ್‌ವಿಂಕಲ್ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ನಿಂತು ಕಂಡುದನ್ನು ಹೇಳಿದಳು. ಆ ಹತ್ಯೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಅವಳು ಹೇಳಿದುದೆಲ್ಲ ಹೊರಬರಲೂ ಇಲ್ಲ. ಇತಿಹಾಸಕಾರ್ತಿ ಲಿನೆಟ್ ಸಿಲ್ವರ್ 2019ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕೊಲ್ಲುವ ಮುನ್ನ ದಾದಿಯರ ಮೇಲೆ ಅತ್ಯಾಚಾರ ನಡೆದಿತ್ತೆಂದೂ, ಅದನ್ನು ಹೇಳಕೂಡದೆಂದು ಬುಲ್‌ವಿಂಕಲ್‌ಗೆ ಮೇಲಿನಿಂದ ಆಜ್ಞೆಯಾಗಿತ್ತೆಂದೂ ವಾದಿಸಿದ್ದಾರೆ. ಬುಲ್‌ವಿಂಕಲ್ ಸಾಯುವ ಮೊದಲು ಇದನ್ನು ತಮ್ಮೊಡನೆ ಹೇಳಿಕೊಂಡಿದ್ದರೆಂದು ಪತ್ರಕರ್ತೆಯೊಬ್ಬರೂ ಬರೆದಿದ್ದಾರೆ. ಆಜ್ಞೆಯ ಹಿಂದೆ ಮಡಿದವರ ಮನೆಯವರಿಗೆ ನೋವಾಗಬಾರದೆಂಬ ಕಾಳಜಿ ಇದ್ದಿರಬಹುದು. ಆದರೆ ಅಪಮಾನವು ಎಸಗಿದವನದಾಗದೆ ಅನುಭವಿಸಿದವಳದಾಗುವ ಲೋಕದ ಅಳತೆಯೂ ಅದರೊಳಗೆ ಇತ್ತು. ‘ಪವಿತ್ರ ಬಲಿ’ ಎಂಬ ಚಿತ್ರಕ್ಕೆ ಒಪ್ಪದ ಸಂಗತಿಯನ್ನು ಚಿತ್ರದಿಂದ ಅಳಿಸಲಾಯಿತು.

ನಮ್ಮ ಸುವಾರ್ತೆಗಳಿಗೆ ಇದು ಅಪರಿಚಿತವಲ್ಲ. ಶಿಷ್ಯರು ಓಡಿಹೋದ ಹೊತ್ತಿನಲ್ಲಿ ಶಿಲುಬೆಯನ್ನು ನೋಡುತ್ತ ಉಳಿದವರು ಸ್ತ್ರೀಯರು. ಸಮಾಧಿಯಿಂದ ಸುದ್ದಿ ತಂದವರೂ ಅವರೇ. ಅಪೊಸ್ತಲರಿಗೆ ಅವರ ಮಾತು ಹುರುಳಿಲ್ಲದ್ದಾಗಿ ತೋರಿತೆಂದು ಲೂಕನು ಮುಚ್ಚಿಡದೆ ಬರೆಯುತ್ತಾನೆ. ನ್ಯಾಯಸ್ಥಾಪಕರ ಗ್ರಂಥದ 19ನೆಯ ಅಧ್ಯಾಯದಲ್ಲಿ ಗಿಬೆಯದ ಆ ಹೆಸರಿಲ್ಲದ ಸ್ತ್ರೀಗೆ ಒಂದು ಮಾತೂ ಇಲ್ಲ. ಆದರೆ ಅವಳಿಗೆ ನಡೆದುದನ್ನು ಸತ್ಯವೇದವು ಅಳಿಸಲಿಲ್ಲ. ಸಭೆಯ ಆರಾಧನೆಯಲ್ಲಿ ಓದಲು ನಾವು ಹಿಂಜರಿಯುವ ಭಾಗವನ್ನು ಧರ್ಮಗ್ರಂಥವು ಹಿಂಜರಿಯದೆ ಉಳಿಸಿಕೊಂಡಿದೆ. ಸ್ಮರಣೆಯು ಪ್ರಾಮಾಣಿಕವಾಗಬೇಕಾದರೆ ಸಾಕ್ಷಿಯ ಬಾಯಿಗೆ ಹಾಕಿದ ಬೀಗವನ್ನೂ ನಾವು ಸ್ಮರಿಸಬೇಕು.

ನಮ್ಮ ಸೇವೆಗೆ ಇದರ ಅನ್ವಯ

ದಾದಿಯರ ವೃತ್ತಿಗೂ ಭಾರತೀಯ ಸಭೆಗೂ ಹಳೆಯ ನಂಟು. ಆ ಯುದ್ಧದ ಕಾಲದಲ್ಲಿ ನಮ್ಮ ದೇಶದ ತರಬೇತಿ ಪಡೆದ ದಾದಿಯರಲ್ಲಿ ಬಹುಪಾಲು ಕ್ರೈಸ್ತ ಸ್ತ್ರೀಯರೇ ಆಗಿದ್ದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯ ಲೊಂಬಾರ್ಡ್ ಆಸ್ಪತ್ರೆ, ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ ಮೊದಲಾದವುಗಳ ಮೂಲಕ ಕನ್ನಡನಾಡಿನ ಸಭೆಗಳೂ ಈ ಸೇವೆಯನ್ನು ಬಲ್ಲವು. ಇಂದು ಸಭಾಪಾಲಕರಾಗಲಿರುವವರ ಸಭೆಗಳಲ್ಲಿ, ಊರಿನ ಆಸ್ಪತ್ರೆಗಳಲ್ಲಿಯೂ ಕೊಲ್ಲಿಯ ನಾಡುಗಳಲ್ಲಿಯೂ ಸೈನಿಕ ಆಸ್ಪತ್ರೆಗಳಲ್ಲಿಯೂ ರಾತ್ರಿಪಾಳಿ ಮಾಡುವ ದಾದಿಯರೂ ಅವರ ತಂದೆತಾಯಿಯರೂ ಇರುತ್ತಾರೆ. ‘ನಿಮ್ಮದು ತ್ಯಾಗದ ಜೀವನ’ ಎಂದು ಅವರಿಗೆ ಹೇಳುವುದು ಸುಲಭ. ಆ ಮಾತನ್ನೇ ಹಿಡಿದು ಅವರ ಸಂಬಳವನ್ನೂ ವಿಶ್ರಾಂತಿಯನ್ನೂ ಸುರಕ್ಷತೆಯನ್ನೂ ಕಡಿತಗೊಳಿಸುವವರು ಲೋಕದಲ್ಲಿ ಬಹಳ. ಅಂಥವರ ಕೈಗೆ ಸಭೆಯು ಶಬ್ದಗಳನ್ನು ಒದಗಿಸಬಾರದು.

ಯುದ್ಧದ ನಂತರ ಬುಲ್‌ವಿಂಕಲ್ ಮತ್ತು ಬೆಟಿ ಜೆಫ್ರಿ ಏನು ಮಾಡಿದರೆಂಬುದು ಇಲ್ಲಿ ನಮಗೆ ಪಾಠ. ಅವರು ವಿಕ್ಟೋರಿಯ ಪ್ರಾಂತ್ಯದ ಊರೂರು ತಿರುಗಿ ಹಣ ಕೂಡಿಸಿದರು. ಮಡಿದ ಸಂಗಾತಿಗಳ ನೆನಪಿಗಾಗಿ ಮೆಲ್ಬರ್ನ್‌ನಲ್ಲಿ 1950ರಲ್ಲಿ ದಾದಿಯರ ಸ್ಮಾರಕ ಕೇಂದ್ರವು ತೆರೆಯಿತು. ಅದು ಕಂಬವಾಗಿರಲಿಲ್ಲ, ಬದುಕಿರುವ ದಾದಿಯರು ಕೂಡುವ, ಕಲಿಯುವ ಸ್ಥಳವಾಗಿತ್ತು. ಬುಲ್‌ವಿಂಕಲ್ ಮೆಲ್ಬರ್ನ್‌ನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ದೀರ್ಘಕಾಲ ಮೇಟ್ರನ್ ಆಗಿ ದುಡಿದು, 1993ರಲ್ಲಿ ಮುಂಟೋಕ್‌ಗೆ ಮರಳಿ ಸಂಗಾತಿಗಳ ಸ್ಮಾರಕದ ಅನಾವರಣದಲ್ಲಿ ಪಾಲ್ಗೊಂಡು, 2000ದ ಜುಲೈ 3ರಂದು ತೀರಿಕೊಂಡರು. 2023ರಲ್ಲಿ ಕ್ಯಾನ್‌ಬೆರಾದ ಯುದ್ಧಸ್ಮಾರಕದ ಅಂಗಳದಲ್ಲಿ ಅವರ ಪ್ರತಿಮೆ ನಿಂತಿತು. ಆ ತೀರದಲ್ಲಿ ನಡೆದ ದಿನದ ಆಕಾಶದ ನಕ್ಷತ್ರಗಳನ್ನು ಸೂಚಿಸುವ 22 ಲೋಹದ ಬಿಲ್ಲೆಗಳನ್ನು ಅದರ ಬುಡದಲ್ಲಿ ಅಳವಡಿಸಲಾಗಿದೆ.

ಮಡಿದವರ ಸ್ಮರಣೆಯ ಆರಾಧನೆಯನ್ನು ನಡೆಸುವ ಸಹಸೇವಕರಲ್ಲಿ ನಮ್ಮ ವಿನಂತಿ ಇಷ್ಟೇ. ಕೊಲೆಯನ್ನು ಕೊಲೆಯೆಂದು ಕರೆಯೋಣ. ಅಧಿಕಾರದಲ್ಲಿದ್ದವರ ನಿರ್ಧಾರಗಳನ್ನು ದೈವಸಂಕಲ್ಪವೆಂದು ಕರೆಯದಿರೋಣ. ಉಳಿದು ಸೇವೆಮಾಡಿದವರ ಪ್ರೀತಿಯನ್ನು ಪ್ರೀತಿಯೆಂದೇ ಕರೆದು ದೇವರನ್ನು ಸ್ತುತಿಸೋಣ. ಬದುಕಿ ಬಂದವರು ಮಾತಾಡಲು ಬಯಸಿದಾಗ ಕುಳಿತು ಕೇಳೋಣ. ಅವರು ಮೌನವಾಗಿದ್ದರೆ ಆ ಮೌನದ ಬಳಿಯೂ ಕುಳಿತಿರೋಣ. ರೋಗಿಯ ಪಕ್ಕದಲ್ಲಿ ಉಳಿಯುವುದನ್ನು ಆ ಇಪ್ಪತ್ತೆರಡು ಮಂದಿ ಮಾಡಿ ತೋರಿಸಿದರು, ಅದೇ ಸಭಾಪಾಲನೆಯ ಮೊದಲ ಪಾಠವೂ ಹೌದು.